ಮಂಗಳವಾರದ ಮನೆಯ ಸೂತಕ

ನಮ್ಮ ಹೈಸ್ಕೂಲಿನಲ್ಲಿ ಬಹುಮಾನ ಕೊಡುವ ಅಧ್ಯಕ್ಷರು ಯಾರೆಂದು ಗೊತ್ತಾದ ಮೇಲೆಯೇ ಪಂದ್ಯಗಳು ನಡೆಯುತ್ತಿದ್ದವು. ಅಮಲ್ದಾರರು ಅಧ್ಯಕ್ಷರಾದರೆ ಆ ವರ್ಷ ಅಮಲ್ದಾರರ ಮಗನ ಕಂಠ ಇಂಪಾಗುತ್ತಿತ್ತು. ಡಾಕ್ಟರು ಅಧ್ಯಕ್ಷರಾದರೆ ಡಾಕ್ಟರ ಮಗನ ಕಾಲಿಗೆ ವೇಗ ಬರುತ್ತಿತ್ತು. ಅಪ್ಪ ಕೊಡುವುದು, ಮಗ ತೆಗೆದುಕೊಳ್ಳುವುದು, ಹೆಡ್ಮಾಸ್ತರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುವುದು. ಇದಕ್ಕೆ ನಮ್ಮಲ್ಲಿ ವಿದ್ಯಾರ್ಥಿಗಳ ಸಾಧನೆ ಎಂದು ಹೆಸರು. ಈಗಲೂ ಯಾವುದಾದರೂ ಶಾಲೆಯ ಸಮಾರಂಭಕ್ಕೆ ನನ್ನನ್ನು ಕರೆದು ಕೂರಿಸಿ ಆ ಮಾತು ಆಡಿದರೆ ನನಗೆ ಮೈ ಉರಿಯುತ್ತದೆ. ಹಾರ ಹಾಕಿಸಿಕೊಂಡು ಸುಮ್ಮನಿರುತ್ತೇನೆ, ಅಷ್ಟೆ.

ನಾನು ಮುಳಬಾಗಿಲು ತಾಲ್ಲೂಕಿನವನು, ದೇವರಾಯಸಮುದ್ರದ ಹತ್ತಿರದ ಒಂದು ಹಳ್ಳಿಯವನು. ಅಪ್ಪ ಸಣ್ಣದೊಂದು ಗುಡಿಯ ಅರ್ಚಕ. ನಮ್ಮ ಮನೆಯಲ್ಲಿ ತೆಲುಗು, ಗುಡಿಯಲ್ಲಿ ಸಂಸ್ಕೃತ, ಸಂತೆಯಲ್ಲಿ ಕನ್ನಡ. ಮುಳಬಾಗಿಲಿನಲ್ಲಿ ಮಿಡ್ಲ್ ಸ್ಕೂಲು ಮುಗಿಸಿ ಹೈಸ್ಕೂಲಿಗೆಂದು ಕೋಲಾರಕ್ಕೆ ಬಂದೆ. ಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದವು. ಅಕ್ಕಿ ಪಡಿತರದಲ್ಲಿ ಸಿಗುತ್ತಿತ್ತು, ಸಿಕ್ಕಿದಾಗ. ಪೇಟೆಯ ಹಿಂದಿನ ಸಾಲು ಕೊಠಡಿಗಳಲ್ಲಿ ಒಂದರಲ್ಲಿ ಮಲಗಲು ಜಾಗವಿತ್ತು. ಊಟಕ್ಕೆ ವಾರಾನ್ನ.

ವಾರಾನ್ನವೆಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ದಿಕ್ಕಿಲ್ಲದ ಬ್ರಾಹ್ಮಣರ ಹುಡುಗ ಊರಿನ ಏಳು ಮನೆಗಳನ್ನು ಹಿಡಿಯಬೇಕು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ. ಆಯಾ ದಿನದ ಎರಡು ಹೊತ್ತಿನ ಊಟ ಆಯಾ ಮನೆಯಲ್ಲಿ. ಇದರಿಂದ ದೊಡ್ಡದೊಡ್ಡವರು ತಯಾರಾದರೆಂದು ಹೊಗಳಿ ಬರೆದವರಿದ್ದಾರೆ. ಅವರಿಗೆ ಯಾವ ಮನೆ ಸಿಕ್ಕಿತ್ತೋ ಕಾಣೆ. ನನಗೆ ಸಿಕ್ಕ ಮನೆಗಳಲ್ಲಿ ಎಲ್ಲರದೂ ಆದ ಮೇಲೆ ನಡುಮನೆಯ ಮೂಲೆಯಲ್ಲಿ ನನ್ನ ಎಲೆ ಬೀಳುತ್ತಿತ್ತು. ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಊಟಕ್ಕೆ ಮುಂಚೆ ಬಾವಿಯಿಂದ ನೀರು ಸೇದಬೇಕು, ಊಟವಾದ ಮೇಲೆ ಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಡಬೇಕು. ಆ ಹುಡುಗನೋ, ಹೊಟ್ಟೆ ತುಂಬಿದ ನಿದ್ದೆಯಲ್ಲಿ ತೂಗಾಡುತ್ತಿರುತ್ತಿದ್ದ. ಸಂಬಳವಿಲ್ಲದ ಆಳನ್ನು ಇಟ್ಟುಕೊಂಡು ಪುಣ್ಯವನ್ನೂ ಕಟ್ಟಿಕೊಳ್ಳುವ ಇಂಥ ಏರ್ಪಾಟನ್ನು ಕಂಡುಹಿಡಿದವನ ತಲೆಗೆ ಭೇಷ್ ಅನ್ನಬೇಕು.

ಸೋಮವಾರ, ರಿಟೈರಾದ ಶಿರಸ್ತೇದಾರರ ಮನೆ. ಮಂಗಳವಾರ, ವಕೀಲರ ಮನೆ. ಇವರು ನಮ್ಮ ಹೈಸ್ಕೂಲಿನ ಕಮಿಟಿಗೂ ಹಾಸ್ಟೆಲಿನ ಕಮಿಟಿಗೂ ಅಧ್ಯಕ್ಷರು. ಬುಧವಾರ ಸಬ್ ರಿಜಿಸ್ಟ್ರಾರರ ಮನೆ, ಗುರುವಾರ ಸಾಕ್ಷಾತ್ ಹೆಡ್ಮಾಸ್ತರ ಮನೆ. ಮಿಕ್ಕ ಮೂರು ದಿನದವರನ್ನು ಇಲ್ಲಿಗೆ ಎಳೆಯುವುದಿಲ್ಲ. ಅವರೂ ಇದೇ ಪೈಕಿ. ಮನೆಯೊಡತಿಯರನ್ನೆಲ್ಲ ನಾನು ನನ್ನೊಳಗೆ ದಿನದ ಹೆಸರಿನಿಂದಲೇ ಕರೆಯುತ್ತಿದ್ದೆ: ಸೋಮವಾರದಮ್ಮ, ಮಂಗಳವಾರದಮ್ಮ. ಈ ಮನೆಗಳಲ್ಲೆಲ್ಲ ನಮ್ಮ ಹೈಸ್ಕೂಲಿಗೆ ಬರುವ ಗಂಡುಮಕ್ಕಳಿದ್ದರು. ತೊಂದರೆ ಶುರುವಾದದ್ದು ಅಲ್ಲಿಂದ.

ನನ್ನ ಕೊನೆಯ ವರ್ಷದ ಮೊದಲ ಅವಧಿ. ಹೆಡ್ಮಾಸ್ತರು ಬೇಸಗೆಯಲ್ಲಿ ಬೆಂಗಳೂರಿಗೆ ಹೋಗಿ ಯಾವುದೋ ಉಪನ್ಯಾಸ ಕೇಳಿಕೊಂಡು ಬಂದಿದ್ದರು. ಬರುವಾಗ ‘ಸರ್ವತೋಮುಖ’ ಅನ್ನುವ ಒಂದು ಮಾತನ್ನು ಹಿಡಿದುಕೊಂಡು ಬಂದರು. ಪಾಠದ ಜೊತೆಗೆ ಓಟ, ಭಾಷಣ, ಪದ್ಯ ಹೇಳುವುದು, ಚಿತ್ರ, ತೋಟದ ಕೆಲಸ, ಸಮಾಜಸೇವೆ, ಎಲ್ಲದರಲ್ಲೂ ವಿದ್ಯಾರ್ಥಿ ಮುಂದೆ ಬರಬೇಕಂತೆ. ಸಮಾಜಸೇವೆ ಅಂದರೆ ಅಮಲ್ದಾರರ ಕಚೇರಿಯ ಅಂಗಳ ಗುಡಿಸುವುದು ಎಂದು ಆಮೇಲೆ ತಿಳಿಯಿತು. ತೋಟದ ಕೆಲಸವೆಂದರೆ ನಾವು ಬದನೆಗೆ ನೀರು ಹಾಕುವುದು, ಕಾಯಿ ಬಿಟ್ಟ ಮೇಲೆ ಅದು ಮೇಷ್ಟರುಗಳ ಮನೆಯ ಹುಳಿಗೆ ಹೋಗುವುದು. ಇದನ್ನೆಲ್ಲ ಪ್ರಾರ್ಥನೆ ಮುಗಿದ ಮೇಲೆ ಬಿಸಿಲಲ್ಲಿ ನಿಲ್ಲಿಸಿ ಹೇಳಿದರು. ನನಗೆ ಆಕಳಿಕೆ ಬರುತ್ತಿತ್ತು. ಕೊನೆಗೆ ಹೇಳಿದ ಒಂದು ಮಾತಿಗೆ ಮಾತ್ರ ಕಿವಿ ನಿಮಿರಿತು. ಹಾಸ್ಟೆಲಿನಲ್ಲಿ ಒಂದು ಪುಕ್ಕಟೆ ಸೀಟು ಖಾಲಿಯಾಗಿದೆ, ಅದರಲ್ಲಿದ್ದ ಹುಡುಗ ಚಿನ್ನದ ಗಣಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿ ಹೋದ. ಈ ಅವಧಿಯಲ್ಲಿ ಯಾರು ಹೆಚ್ಚು ಪಂದ್ಯಗಳಲ್ಲಿ ಮೊದಲು ಬರುತ್ತಾರೋ ಅವರಿಗೆ ಆ ಸೀಟು.

ಪುಕ್ಕಟೆ ಸೀಟು. ದಿನಾ ಒಂದೇ ಕಡೆ ಊಟ. ನೀರು ಸೇದದೆ, ಯಾರ ಮಗನಿಗೂ ಲೆಕ್ಕ ಹೇಳಿಕೊಡದೆ, ಯಾರ ಮುಖ ನೋಡಿಕೊಂಡೂ ಕೂರದೆ ಊಟ. ಅದನ್ನು ನೆನೆಸಿಕೊಂಡೇ ನನಗೆ ಆ ದಿನ ಪಾಠ ಹತ್ತಲಿಲ್ಲ. ಕೊನೆಯ ವರ್ಷದ ಪರೀಕ್ಷೆ ದಾಟಲೇಬೇಕಿತ್ತು. ಅಪ್ಪ ನಾನು ಹೊರಡುವಾಗಲೇ ಹೇಳಿಬಿಟ್ಟಿದ್ದ: "ಊಟಕ್ಕೆ ತೊಂದ್ರೆ ಆದ್ರೆ ಬಂದ್ಬಿಡು, ಗುಡಿ ಇದೆ." ಗುಡಿಯಲ್ಲಿ ಎಣ್ಣೆಗೂ ಗತಿಯಿರಲಿಲ್ಲ. ಬಂದವರ ತಟ್ಟೆ ನೋಡುತ್ತ ಅಪ್ಪ ಬದುಕಿದ ಹಾಗೆ ನಾನು ಬದುಕಬಾರದೆಂದು ಊರು ಬಿಟ್ಟಿದ್ದೆ. ಕೋಲಾರಕ್ಕೆ ಬಂದು ನೋಡಿದರೆ ಏಳು ಮನೆಯವರ ಕೈ ನೋಡುತ್ತ ಕೂತಿದ್ದೆ. ಆ ಸೀಟು ಸಿಕ್ಕರೆ ಇದೆಲ್ಲ ಮುಗಿಯುತ್ತಿತ್ತು.

ಪಕ್ಕದ ಕೊಠಡಿಯಲ್ಲಿ ಮಾಲೂರು ತಾಲ್ಲೂಕಿನ, ಮಾಸ್ತಿ ಕಡೆಯ ಒಕ್ಕಲು ಮನೆಯ ಹುಡುಗನಿದ್ದ. ನನ್ನದೇ ಕ್ಲಾಸು. ತಾನೇ ಮುದ್ದೆ ಕೂಡಿಸಿಕೊಂಡು ತಿನ್ನುತ್ತಿದ್ದ. ಸುದ್ದಿ ಕೇಳಿ ನಾನು ಕುಣಿಯುತ್ತಿದ್ದರೆ ಅವನು ಗೋಡೆಗೆ ಒರಗಿ ನಗತೊಡಗಿದ.

"ಏನ್ಲಾ ನಿನ್ ತಲೆ? ಓಟದಾಗೆ ಯಾರ್ ಓಡ್ತಾರೆ? ನಿನ್ ಸೋಮವಾರ ಓಡ್ತಾನೆ. ಭಾಷಣ ಯಾರ್ ಮಾಡ್ತಾರೆ? ನಿನ್ ಮಂಗಳವಾರ. ಪದ್ಯ ಯಾರ್ ಹೇಳ್ತಾರೆ? ಬುಧವಾರ. ಒಬ್ಬೊಬ್ರನ್ನ ಸೋಲಿಸ್ಕಂತಾ ಹೋದ್ರೆ ಉಣ್ಣಾದೆಲ್ಲಿ?"

"ಸೀಟು ಸಿಕ್ಕಿದ್ ಮೇಲೆ ಅವರ ಮನೆ ಯಾರಿಗೆ ಬೇಕು?" ಎಂದೆ.

"ಸೀಟು ಸಿಗಾ ತನಕ?" ಎಂದ.

ಮೊದಲು ಓಟ. ಶಿರಸ್ತೇದಾರರ ಮಗನಿಗೆ ಬೆಂಗಳೂರಿನಿಂದ ಕ್ಯಾನ್‌ವಾಸ್ ಬೂಟು ತರಿಸಿದ್ದರು. ಡ್ರಿಲ್ ಮೇಷ್ಟರು ಅವನನ್ನು ಗೆರೆಗಿಂತ ಎರಡು ಮಾರು ಮುಂದೆ ನಿಲ್ಲಿಸಿದರು. ಯಾಕೆಂದು ಯಾರೂ ಕೇಳಲಿಲ್ಲ. ನಾನು ಕೆರೆಯ ಏರಿಯ ಮೇಲೆ ಓಡಿ ಬೆಳೆದವನು. ಹಸಿದವನ ಮೈಯಲ್ಲಿ ಹೊರಲು ಏನೂ ಇರುವುದಿಲ್ಲವಲ್ಲ, ಓಡಿಬಿಟ್ಟೆ. ಬೂಟಿನವನು ಮೂರನೆಯವನಾಗಿ ಬಂದು, ಬೂಟು ಕಚ್ಚಿತೆಂದು ಅಳುತ್ತ ಕೂತ. ಮುಂದಿನ ಸೋಮವಾರ ಹೋದೆ. ಸೋಮವಾರದಮ್ಮ ಬಾಗಿಲಲ್ಲೇ ನಿಂತು, "ಶ್ರಾವಣ ಅಲ್ವೇನಪ್ಪಾ, ಈ ಸಲ ಮನೆಮಂದಿಯೆಲ್ಲ ಸೋಮವಾರ ಉಪವಾಸ ಹಿಡಿದಿದ್ದೀವಿ," ಎಂದಳು. ಅವಳ ಹಿಂದೆ ಅವಳ ಮಗ ಬಾಯಿ ಒರೆಸಿಕೊಳ್ಳುತ್ತ ಓಡಾಡುತ್ತಿದ್ದ. ಶಿವನನ್ನು ಇಷ್ಟು ಸುಲಭವಾಗಿ ಸಾಕ್ಷಿಗೆ ಕರೆಯಬಹುದೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಪದ್ಯದ ಪಂದ್ಯದಲ್ಲಿ ಸಬ್ ರಿಜಿಸ್ಟ್ರಾರರ ಮಗನೂ ನನಗೆ ಸೋತ. ನನ್ನ ಕನ್ನಡದಲ್ಲಿ ತೆಲುಗಿನ ರಾಗ ಎಳೆಯುತ್ತದೆಂದು ಕನ್ನಡ ಪಂಡಿತರು ಮೂಗು ಮುರಿದರು. ಆದರೆ ಆ ಹುಡುಗನಿಗೆ ಎಳೆಯಲು ಪದ್ಯವೇ ನೆನಪಿರಲಿಲ್ಲ. ಸಬ್ ರಿಜಿಸ್ಟ್ರಾರರು ಮಾತ್ರ ಸುತ್ತು ಬಳಸಲಿಲ್ಲ. ಜಗಲಿಯ ಮೇಲೆ ನಿಂತು, "ನಮ್ಮನೆ ಅನ್ನ ತಿಂದು ನಮ್ಮ ಮಗೂಗೇ ಅವಮಾನ ಮಾಡ್ದೆ. ಇನ್ನು ಈ ಕಡೆ ಬರಬೇಡ," ಎಂದು ಬೈದು ಕಳಿಸಿದರು. ಇಡೀ ಊರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ಅವರೊಬ್ಬರೇ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಇನ್ನು ಭಾಷಣ. ವಿಷಯ: ಅನ್ನದಾನ ದೊಡ್ಡದೋ, ವಿದ್ಯಾದಾನ ದೊಡ್ಡದೋ. ಆ ಅವಧಿಯ ಗಣಪತಿ ಉತ್ಸವಕ್ಕೆ, ಬಹುಮಾನ ಹಂಚುವುದಕ್ಕೆ, ವಕೀಲರೇ ಅಧ್ಯಕ್ಷರೆಂದು ಆಗಲೇ ಗೊತ್ತಾಗಿತ್ತು. ಅಂದಮೇಲೆ ಅವರ ಮಗನೇ ಗೆಲ್ಲಬೇಕು. ಮಂಗಳವಾರದಮ್ಮ ನನ್ನನ್ನು ಕರೆದು, "ನಮ್ಮವನಿಗೆ ಒಂದು ಭಾಷಣ ಬರೆದುಕೊಡೋ, ಅನ್ನದಾನದ ಪರವಾಗಿ, ಕೇಳಿದೋರಿಗೆ ಕಣ್ಣಲ್ಲಿ ನೀರು ಬರಬೇಕು," ಎಂದಳು. ಆ ದಿನದ ಸಾರಿನಲ್ಲಿ ಬೇಳೆ ಇತ್ತು, ಅದಕ್ಕೆ ಬರೆದುಕೊಟ್ಟೆ. ಹಸಿದು ಬಂದವನನ್ನು ಬಾಗಿಲಿನಿಂದ ತಿರುಗಿಸದ ಗೃಹಿಣಿಯನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದೆ. ಓದಿಸಿ ಕೇಳಿ ಅವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ತನ್ನನ್ನೇ ಬರೆದಿದ್ದಾನೆ ಅಂದುಕೊಂಡಿರಬೇಕು.

ಪಂದ್ಯದ ದಿನ ವಕೀಲರ ಮಗ ಜರಿ ಪೇಟ ಸುತ್ತಿಕೊಂಡು ಬಂದು ನಿಂತ. ನಾಲ್ಕು ವಾಕ್ಯ ಹೇಳಿದ. ಐದನೆಯದು ಮರೆತುಹೋಯಿತು. ಕಣ್ಣರಳಿಸಿ ಸಭೆಯ ಮಧ್ಯದಲ್ಲಿ ಕೂತಿದ್ದ ನನ್ನ ಕಡೆ ನೋಡಿದ. ಲೆಕ್ಕದ ಪಾಠದಲ್ಲಿ ದಿನವೂ ಹೀಗೆಯೇ ನೋಡುತ್ತಿದ್ದನಲ್ಲ, ನಾನು ಅಭ್ಯಾಸಬಲದಿಂದ ಮುಂದಿನ ವಾಕ್ಯ ಹೇಳಿಬಿಟ್ಟೆ. ಅವನು ಅದನ್ನು ಹಾಗೆಯೇ ಹೇಳಿದ. ಮತ್ತೆ ನಿಂತ, ಮತ್ತೆ ನೋಡಿದ, ಮತ್ತೆ ಹೇಳಿಕೊಟ್ಟೆ. ಸಭೆಯ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಮೇಲೆ ನನ್ನ ಸರದಿ ಬಂತು. ಅನ್ನದಾನದ ಪರವಾಗಿ ಹೇಳಬೇಕಾದ್ದನ್ನೆಲ್ಲ ಆಗಲೇ ಅವನ ಬಾಯಿಂದ ಹೇಳಿಸಿದ್ದೆ. ಈಗ ವಿದ್ಯಾದಾನ ಹಿಡಿದು ಅದನ್ನೆಲ್ಲ ಕೆಡವಿದೆ. ತೀರ್ಪು ಕೊಡಬೇಕಾದ ಪಂಡಿತರು ಹೆಡ್ಮಾಸ್ತರ ಮುಖ ನೋಡಿದರು, ಹೆಡ್ಮಾಸ್ತರು ಚಾವಣಿ ನೋಡಿದರು. ಇಷ್ಟು ಜನ ನಕ್ಕ ಮೇಲೆ ಬೇರೆ ದಾರಿಯಿರಲಿಲ್ಲ. ಮೊದಲನೆಯ ಸ್ಥಾನ ನನಗೇ ಬಂತು.

ಆ ಮಂಗಳವಾರ ಬೆಳಿಗ್ಗೆ ಎಂದಿನಂತೆ ವಕೀಲರ ಮನೆಗೆ ಹೋದೆ. ಬಾಗಿಲ ಮುಂದೆ ದೊಡ್ಡ ರಂಗೋಲಿ. ವಕೀಲರ ತಾಯಿ, ಕಿವಿ ಅಷ್ಟಾಗಿ ಕೇಳಿಸದ ಮುದುಕಿ, ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಒಳಗೆ ಒಗ್ಗರಣೆ ಚಟಪಟ ಅಂತು, ಇಂಗಿನ ಘಮ ಬೀದಿಗೆ ಬಂತು. ಮಂಗಳವಾರದಮ್ಮ ಸೆರಗು ಸರಿಮಾಡಿಕೊಳ್ಳುತ್ತ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಊಟಕ್ಕೆ ಬರೋ ಹಾಗಿಲ್ಲ ಕಣಪ್ಪಾ. ಮನೇಲಿ ಸೂತಕ," ಎಂದಳು.

ನಾನು ಅರ್ಚಕನ ಮಗ. ಸೂತಕವೆಂದರೆ ಏನೆಂದು ನನಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ದಾಯಾದಿಗಳಲ್ಲಿ ಸಾವಾದರೆ ಹತ್ತು ದಿನ ಆ ಮನೆಯಲ್ಲಿ ಹೊರಗಿನವರು ಉಣ್ಣಬಾರದು. ಪೂಜೆ ಇಲ್ಲ, ರಂಗೋಲಿ ಇಲ್ಲ, ಅಡುಗೆಗೆ ಒಗ್ಗರಣೆ ಇಲ್ಲ. ಆ ಮನೆಯವರು ಯಾರಿಗೂ ನಮಸ್ಕಾರ ಮಾಡುವಂತಿಲ್ಲ, ಯಾರೂ ಅವರಿಗೆ ಮಾಡುವಂತಿಲ್ಲ. ರಂಗೋಲಿಯನ್ನು ನೋಡಿದೆ, ಅವಳ ಮುಖ ನೋಡಿದೆ. ಅವಳು ರೆಪ್ಪೆ ಮಿಟುಕಿಸಲಿಲ್ಲ. ನನ್ನ ಮಡಿ ಕೆಡಬಾರದೆಂದು ಎಷ್ಟೊಂದು ಕಾಳಜಿ! ಬರಬೇಡ ಅಂದಿದ್ದರೆ ಮುಗಿಯುತ್ತಿತ್ತು. ಒಂದು ಎಲೆ ಅನ್ನ ತಪ್ಪಿಸುವುದಕ್ಕೆ ಒಂದು ಹೆಣ ಬೇಕಾಯಿತು ಆ ತಾಯಿಗೆ.

ಮಿಕ್ಕವರಿಗೆ ಈಗ ಭಯ ಹತ್ತಿತು. ಮೂರು ಮನೆ ಮುಚ್ಚಿದ ಮೇಲೆ, ಬಾಗಿಲು ತೆರೆದಿಟ್ಟುಕೊಂಡವರಿಗೆ ದಿನವೂ ನಾನೇ ಗಂಟುಬೀಳುತ್ತೇನೇನೋ ಎಂದು. ಹೆಡ್ಮಾಸ್ತರ ಹೆಂಡತಿ ಗುರುವಾರ, "ಪಡಿತರದ ಅಕ್ಕಿ ಬಂದಿಲ್ಲಪ್ಪಾ, ಬಂದ ಮೇಲೆ ಹೇಳಿಕಳಿಸ್ತೀನಿ," ಎಂದರು. ಹೆಡ್ಮಾಸ್ತರು ಒಳಗೆ ಊಟಕ್ಕೆ ಕೂತು, ಹಪ್ಪಳ ಮುರಿದ ಸದ್ದು ಕೇಳಿಸಬಾರದೆಂದು ಕೆಮ್ಮಿದರು. ಮಿಕ್ಕ ಮನೆಗಳೂ ಒಂದೊಂದು ನೆಪದಿಂದ ಮುಚ್ಚಿದವು. ಗಣಪತಿ ಹಬ್ಬ ಬರುವ ಹೊತ್ತಿಗೆ ನನಗೆ ಒಂದು ಮನೆಯೂ ಉಳಿಯಲಿಲ್ಲ.

ಮಾಲೂರಿನವನು ನನ್ನ ಕೊಠಡಿಗೆ ಬಂದು ಹುರಿಹಿಟ್ಟಿನ ಡಬ್ಬ ಇಟ್ಟ. "ತಿನ್ನಲೇ. ನಿಮ್ಮೋರು ಬಿಟ್ಟಾಕಿದ್ ಮೇಲೆ ಇನ್ನೆಂಥ ಮಡಿ?" ಎಂದ. ಬೆಲ್ಲ ಕಲಸಿಕೊಂಡು ತಿಂದೆ. ಆಮೇಲೆ ಅವನ ಮುದ್ದೆಯನ್ನೂ ತಿಂದೆ. ಆದರೆ ಅವನ ಮನೆಯಿಂದ ಬರುವ ರಾಗಿ ಒಬ್ಬನಿಗೆ ಅಳೆದು ಕಳಿಸಿದ್ದು. ಅವನು ತನ್ನ ಪಾಲು ಮುರಿದು ಕೊಡುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು, ಅದು ನನಗೆ ಗೊತ್ತಿಲ್ಲವೆಂಬಂತೆ ಅವನು ಇರುತ್ತಿದ್ದ. ಎಷ್ಟು ದಿನ ನಡೆಯುತ್ತದೆ ಇದು? ಓಟ, ಪದ್ಯ, ಭಾಷಣ, ಮೂರೂ ನನ್ನವು. ನನ್ನಷ್ಟು ಗೆದ್ದವರು ಬೇರೆ ಯಾರೂ ಇರಲಿಲ್ಲ. ಸೀಟು ಸಿಕ್ಕರೆ ಕೋಲಾರ, ಇಲ್ಲದಿದ್ದರೆ ಅಪ್ಪನ ಗುಡಿ. ಹಾಗೆ ಲೆಕ್ಕ ಹಾಕಿಕೊಂಡು ಹಬ್ಬಕ್ಕೆ ಕಾದೆ.

ಗಣಪತಿಯನ್ನು ಶಾಲೆಯ ಸಭಾಂಗಣದಲ್ಲಿ ಕೂರಿಸಿದ್ದರು. ಡ್ರಾಯಿಂಗ್ ಮೇಷ್ಟರು ಬಣ್ಣ ಬಳಿದು ಅದರ ಕಣ್ಣನ್ನು ಮೆಳ್ಳೆ ಮಾಡಿದ್ದರು. ಒಂದು ಕಡೆ ಜಮಖಾನದ ಮೇಲೆ ಹೆಂಗಸರು, ಮುಂದಿನ ಸಾಲಿನಲ್ಲಿ ಮಂಗಳವಾರದಮ್ಮ ಮತ್ತು ಅವಳ ಅತ್ತೆ. ಇನ್ನೊಂದು ಕಡೆ ಗಂಡಸರು. ವೇದಿಕೆಯ ಮೇಲೆ ವಕೀಲರು, ಮೈಸೂರು ಪೇಟ, ಕತ್ತಿನಲ್ಲಿ ಜರಿ ಶಾಲು. ಪಕ್ಕದಲ್ಲಿ ಊರಿನ ಪುರೋಹಿತರು ಮಂಗಳಾರತಿ ತಟ್ಟೆ ಸಿದ್ಧಮಾಡಿಕೊಂಡು ನಿಂತಿದ್ದರು. ಹಿಂದಿನ ದಿನ ತಾನೇ ವಕೀಲರ ಮನೆಯಲ್ಲಿ ಗೌರೀಪೂಜೆ ಮಾಡಿಸಿ, ಹೋಳಿಗೆ ಊಟ ಹೊಡೆದು ಬಂದಿದ್ದರು ಇವರು. ಅದೂ ನನಗೆ ಗೊತ್ತಿತ್ತು. ಹಸಿದವನಿಗೆ ಊರಿನಲ್ಲಿ ಎಲ್ಲೆಲ್ಲಿ ಹೋಳಿಗೆ ಆಯಿತೆಂದು ಗೊತ್ತಾಗುತ್ತದೆ.

ಹೆಡ್ಮಾಸ್ತರು ಎದ್ದು ಅವಧಿಯ ಸಾಧನೆಗಳನ್ನು ಓದಿದರು. ಅಂಗಳ ಗುಡಿಸಿದ್ದು ರಾಷ್ಟ್ರಸೇವೆಯಾಯಿತು. ಬದನೆಕಾಯಿ ಯುದ್ಧಕಾಲದ ಆಹಾರೋತ್ಪಾದನೆಯಾಯಿತು. ಬದನೆಕಾಯಿ ತಿಂದವರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಸೀಟಿನ ವಿಷಯಕ್ಕೆ ಬಂದು ಗಂಟಲು ಸರಿಮಾಡಿಕೊಂಡರು.

"ಹೆಚ್ಚು ಪಂದ್ಯಗಳಲ್ಲಿ ಗೆದ್ದ ಹುಡುಗ ನಮ್ಮ ಕೊನೆಯ ತರಗತಿಯವನು, ಮುಳಬಾಗಿಲು ಕಡೆಯವನು. ಸಂತೋಷ. ಆದರೆ ಆ ಹುಡುಗ ಪುಣ್ಯವಂತ. ನಮ್ಮೂರಿನ ಏಳು ಉದಾರ ಮನೆತನಗಳು ಅವನಿಗೆ ದಿನವೂ ಊಟ ಹಾಕುತ್ತಿವೆ. ಅವನಿಗೆ ಹಾಸ್ಟೆಲಿನ ಅಗತ್ಯವಿಲ್ಲ. ಆದ್ದರಿಂದ ನಿಜವಾಗಿ ಕಷ್ಟದಲ್ಲಿರುವ ವಿದ್ಯಾರ್ಥಿಗೆ, ನಮ್ಮ ಅಧ್ಯಕ್ಷರ ತಮ್ಮನ ಮಗನಿಗೆ, ಆ ಸೀಟನ್ನು ಕೊಡಲು ಕಮಿಟಿ ತೀರ್ಮಾನಿಸಿದೆ."

ಆ ತಮ್ಮನ ಮಗ ವಕೀಲರ ಮನೆಯಲ್ಲೇ ಇದ್ದುಕೊಂಡು ಓದುತ್ತಿದ್ದ. ಚಿಕ್ಕಂದಿನಿಂದ ಎರಡು ಹೊತ್ತೂ ತುಪ್ಪ ತಿಂದ ಮೈ. ಅವನಿಗೇನು ಕಷ್ಟ? ಮಂಗಳವಾರದಮ್ಮನಿಗೆ ಅವನೂ ಒಂದು ಹೆಚ್ಚಿನ ಬಾಯಿ, ಅಷ್ಟೆ. ನನ್ನನ್ನು ಬೀದಿಗೆ ಹಾಕಿದ ಹಾಗೆ ಗಂಡನ ತಮ್ಮನ ಮಗನನ್ನು ಹಾಕುವಂತಿಲ್ಲವಲ್ಲ, ಹಾಸ್ಟೆಲಿಗೆ ಹಾಕುತ್ತಿದ್ದಳು. ಏಳು ಮನೆಗಳೆಂದು ಘೋಷಿಸಿದ ಹೆಡ್ಮಾಸ್ತರಿಗೆ ತಮ್ಮ ಮನೆಯ ಬಾಗಿಲು ಮುಚ್ಚಿದೆ ಎಂದಾದರೂ ಗೊತ್ತಿತ್ತು. ನನಗೆ ಕಣ್ಣು ಕತ್ತಲಿಟ್ಟಿತು. ಹಸಿವೋ ಸಿಟ್ಟೋ ಬೇರೆಮಾಡಿ ಹೇಳಲಾರೆ.

ಅಷ್ಟಕ್ಕೆ ಬಿಟ್ಟಿದ್ದರೆ ನಾನು ಪೆಟ್ಟಿಗೆ ಹೊತ್ತು ಮುಳಬಾಗಿಲಿನ ಬಸ್ಸು ಹತ್ತಿರುತ್ತಿದ್ದೆ. ಬಿಡಲಿಲ್ಲ ಪುಣ್ಯಾತ್ಮರು. "ಬಾರೋ ಮೇಲೆ. ಅನ್ನ ಹಾಕಿದ ಎಲ್ಲ ಮನೆಗಳಿಗೂ ಸೇರಿಸಿ ಅಧ್ಯಕ್ಷರಿಗೆ ಸಾಷ್ಟಾಂಗ ನಮಸ್ಕಾರ ಮಾಡು," ಎಂದು ಹೆಡ್ಮಾಸ್ತರು ಕರೆದರು. ವಕೀಲರು ಆಶೀರ್ವಾದಕ್ಕೆ ಕೈ ಎತ್ತಿಕೊಂಡು ಕಾಲು ಸ್ವಲ್ಪ ಮುಂದೆ ಚಾಚಿದರು. ನಾನು ಮೇಲೆ ಹೋಗಿ ನಿಂತೆ. ಇಂಥದ್ದು ಹೇಳಬೇಕೆಂದು ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲ. ಆ ಕಾಲುಗಳನ್ನು ನೋಡಿದಾಗ ಬಾಯಿಗೆ ಬಂತು.

"ನಮಸ್ಕಾರ ಮಾಡೋ ಹಾಗಿಲ್ಲ ಸಾರ್. ಅವರ ಮನೇಲಿ ಸೂತಕ."

ಮೊದಲು ಎಚ್ಚೆತ್ತವರು ಪುರೋಹಿತರು. "ಏನೋ ಬೊಗಳ್ತಿದ್ದೀಯ! ಎಂದಿನಿಂದ?" ಎಂದರು.

"ಹೋದ ಮಂಗಳವಾರದಿಂದ. ಸೂತಕ, ಊಟಕ್ಕೆ ಬರಬೇಡ ಅಂತ ಅಮ್ಮನೇ ಬಾಗಿಲಲ್ಲಿ ಹೇಳಿದ್ರು."

ಪುರೋಹಿತರು ಮಂಗಳಾರತಿ ತಟ್ಟೆಯನ್ನು ಕೆಳಗಿಟ್ಟರು. ಸೂತಕದ ಮನೆಯಲ್ಲಿ ಪೂಜೆ ಮಾಡಿಸಿ ಹೋಳಿಗೆ ತಿಂದಿದ್ದರಲ್ಲ. ವಕೀಲರು ಹೆಂಡತಿಯ ಕಡೆ ನೋಡಿದರು. ಮಂಗಳವಾರದಮ್ಮ ಜಮಖಾನದ ನೂಲು ಕೀಳುತ್ತ ತಲೆ ತಗ್ಗಿಸಿದಳು. ವಕೀಲರಿಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ಅದು ಅವರ ಮುಖದ ಮೇಲೆಯೇ ಕಂಡಿತು. ಈಗ ಅವರಿಗೆ ಎರಡೇ ದಾರಿ. ತಮ್ಮ ಹೆಂಡತಿ ಹಸಿದ ಹುಡುಗನಿಗೆ ಸುಳ್ಳು ಹೇಳಿ ಅಟ್ಟಿದಳು ಎನ್ನಬೇಕು, ಇಲ್ಲವೇ ಒಬ್ಬರನ್ನು ಸಾಯಿಸಬೇಕು. ಕೋರ್ಟಿನಲ್ಲಿ ಪಳಗಿದ ಮನುಷ್ಯ, ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಹೌದು... ಶ್ರೀನಿವಾಸಪುರದಲ್ಲಿ ನಮ್ಮ ದಾಯಾದಿ ಒಬ್ಬ... ದೊಡ್ಡಪ್ಪನ ಮಗ. ಸುದ್ದಿ ಖಾತ್ರಿಯಾಗಿರಲಿಲ್ಲ," ಎಂದು ಶಾಲು ತೆಗೆದರು.

ಮುದುಕಿಗೆ ಕೇಳಿಸಲಿಲ್ಲ. "ಏನಂತೆ? ಏನಂತೇ?" ಎಂದು ಸೊಸೆಯ ತೋಳು ಅಲುಗಿಸಿದಳು. ಸೊಸೆ ಮುಖ ಆಚೆ ತಿರುಗಿಸಿದಳು. ಪಕ್ಕದಲ್ಲಿದ್ದ ಯಾರೋ ಹೆಂಗಸು ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಿದಳು. ಮುದುಕಿ ಎದೆ ಬಡಿದುಕೊಂಡು ಅಳತೊಡಗಿದಳು. ಆ ಶ್ರೀನಿವಾಸಪುರದವನನ್ನು ಎಳವೆಯಲ್ಲಿ ತಾನೇ ಎತ್ತಿ ಆಡಿಸಿದ್ದಳಂತೆ, ತಾಯಿಯಿಲ್ಲದ ಕೂಸು, ತನ್ನ ಹಾಲು ಕುಡಿದವನು ಎಂದು ಹೇಳಿಕೊಂಡು ಹೇಳಿಕೊಂಡು ಅತ್ತಳು. ಆ ಇಡೀ ಅವಧಿಯಲ್ಲಿ, ಅಷ್ಟೊಂದು ಭಾಷಣ, ಪದ್ಯ, ಸೇವೆಗಳ ನಡುವೆ ನಾನು ಕಂಡ ನಿಜವಾದ ವಸ್ತು ಆ ಅಳು ಒಂದೇ. ಅವಳ ಮಗ, ಆ ವಕೀಲ, ಮೂರು ಹೆಜ್ಜೆ ಆಚೆ ನಿಂತಿದ್ದ. ಇಲ್ಲಮ್ಮಾ, ಅವನು ಚೆನ್ನಾಗಿದ್ದಾನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಂದು ಎಲೆ ಅನ್ನದ ಸುಳ್ಳನ್ನು ಮುಚ್ಚುವುದಕ್ಕೆ ಹೆತ್ತ ತಾಯಿಯನ್ನು ಊರೆದುರು ಅಳಲು ಬಿಟ್ಟ. ನಾನು ಆಮೇಲೆ ಕಂಡ ದೊಡ್ಡ ಮನುಷ್ಯರನ್ನೆಲ್ಲ ಆ ಒಂದು ನಿಲುವಿನಲ್ಲಿ ಇಟ್ಟು ನೋಡಿದ್ದೇನೆ.

ಅಧ್ಯಕ್ಷರು ವೇದಿಕೆ ಇಳಿದು ಮನೆಯವರನ್ನೆಲ್ಲ ಕರೆದುಕೊಂಡು ಹೋದರು. ತಮ್ಮನ ಮಗನೂ ಅದೇ ಗೋತ್ರ, ಅವನಿಗೂ ಸೂತಕ, ಸೀಟಿನ ಕಾಗದ ಮುಟ್ಟುವಂತಿಲ್ಲ. ಪುರೋಹಿತರು ಮನೆಗೆ ಓಡಿ ತಣ್ಣೀರು ಸುರಿದುಕೊಂಡು ಬಂದು ಮಂಗಳಾರತಿ ಮಾಡಿದರು. ವಕೀಲರ ಮನೆಯವರು ನೆರೆಹೊರೆಯವರ ಕಣ್ಣಿಗೆ ಬೀಳುವಂತೆ ಒಗ್ಗರಣೆಯಿಲ್ಲದ ಸಪ್ಪೆ ಊಟ ಮಾಡಿ ಸೂತಕ ಆಚರಿಸಿದರು. ಸತ್ತವನು ಶ್ರೀನಿವಾಸಪುರದಲ್ಲಿ ಗಟ್ಟಿಮುಟ್ಟಾಗಿ ಇದ್ದ. ಸ್ವಲ್ಪ ಕಾಲ ಕೋಲಾರದ ಕಡೆ ತಲೆ ಹಾಕಬೇಡ ಎಂದು ಅವನಿಗೆ ಹೇಳಿಕಳಿಸಿದರಂತೆ. ಮುದುಕಿಗೆ ಮನೆಯಲ್ಲಿ ನಿಜ ಹೇಳಿದ ಮೇಲೆ ಅವಳು ಸೊಸೆಯ ಕೈಯ ನೀರು ಮುಟ್ಟಲಿಲ್ಲವೆಂದೂ ಕೇಳಿದೆ.

ಮರುದಿನ ಹೆಡ್ಮಾಸ್ತರು ನನ್ನನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿದರು. ಮುಖ ಬಿಳಿಚಿಕೊಂಡಿತ್ತು.

"ನಿನ್ನೆ ಹಾಗ್ಯಾಕೆ ಮಾತಾಡ್ದೆ? ಇನ್ನೂ ಯಾರ್ಯಾರ ಮನೆ ವಿಷಯ ಇಟ್ಕೊಂಡಿದ್ದೀಯ?"

"ಸೋಮವಾರದ ಮನೇಲಿ ಶ್ರಾವಣದ ಉಪವಾಸ ಅಂದ್ರು ಸಾರ್. ಗುರುವಾರದ ಮನೇಲಿ..."

"ಆಯ್ತು, ಆಯ್ತು," ಎಂದು ಕೈ ಅಡ್ಡ ಹಿಡಿದರು. ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. "ಪೆಟ್ಟಿಗೆ ತಗೊಂಡು ಹಾಸ್ಟೆಲಿಗೆ ಹೋಗು. ಸೀಟು ನಿಂದೇ. ಯಾರ ಹತ್ರಾನೂ ಏನೂ ಮಾತಾಡಬೇಡ."

ಓಡಿದ್ದಕ್ಕಲ್ಲ, ಪದ್ಯ ಹೇಳಿದ್ದಕ್ಕಲ್ಲ, ಭಾಷಣಕ್ಕೂ ಅಲ್ಲ. ನನ್ನ ಬಾಯಿ ಮುಚ್ಚಿಸುವುದಕ್ಕೆ ಕೊಟ್ಟ ಸೀಟು ಅದು. ಬೇಡವೆನ್ನುವಷ್ಟು ಮಾನ ನನಗಿರಲಿಲ್ಲ, ಹಸಿವಿತ್ತು. ಮಾಲೂರಿನವನು ಪೆಟ್ಟಿಗೆಯ ಒಂದು ಹಿಡಿ ಹಿಡಿದುಕೊಂಡು ಹಾಸ್ಟೆಲಿನ ಬಾಗಿಲ ತನಕ ಬಂದ. "ಇನ್ನ ನನ್ ಹಿಟ್ಟು ಉಳೀತು ಬಿಡು," ಎಂದು ಬೆನ್ನಿಗೆ ಗುದ್ದಿ ಹೋದ.

ಆ ಸಂಜೆ ಸಾಲಿನಲ್ಲಿ ಎಲ್ಲರ ನಡುವೆ ಕೂತೆ. ಅಡುಗೆ ಭಟ್ಟ ದಪ್ಪ ಮೈಯ, ದಪ್ಪ ದನಿಯ ಆಸಾಮಿ. ಅನ್ನ ಬಡಿಸಿದ, ಹುಳಿ ಬಡಿಸಿದ. ಅದರಲ್ಲಿ ಬೇಳೆ ಇತ್ತು, ಹೋಳು ಇತ್ತು. ತಲೆ ಎತ್ತದೆ ಉಂಡೆ. ಎಲೆ ಖಾಲಿಯಾದದ್ದು ಕಂಡು ಅವನು ಎರಡನೆಯ ಸಲ ಬಂದ. "ಇನ್ನೂ ಹಾಕ್ಲೇನೋ?" ಎಂದ.

ನಾನು ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, "ಸಾಕಮ್ಮಾ," ಎಂದೆ.

ಸಾಲಿನ ಹುಡುಗರೆಲ್ಲ ಘೊಳ್ಳೆಂದು ನಕ್ಕರು. ನನಗೂ ನಗು ಬಂತು, ಅದು ಅರ್ಧಕ್ಕೆ ನಿಂತಿತು. ಎರಡು ವರ್ಷಕ್ಕೂ ಮಿಗಿಲಾಗಿ, ಏಳು ಮನೆಗಳಲ್ಲಿ, ಸೌಟು ನನ್ನ ಎಲೆಯ ಮುಂದೆ ತಡೆಯುವುದಕ್ಕೆ ಮುಂಚೆಯೇ ನಾನು ಆ ಮಾತು ಹೇಳಿಬಿಡುತ್ತಿದ್ದೆ. ಅವರು ಇಲ್ಲವೆನ್ನುವುದನ್ನು ಕೇಳುವ ಬದಲು ನಾನೇ ಸಾಕೆನ್ನುವುದು ವಾಸಿಯಾಗಿತ್ತು. ಒಂದು ದಿನವೂ ಸಾಕಾಗಿರಲಿಲ್ಲ. ಭಟ್ಟ ನಗಲಿಲ್ಲ. ಅನ್ನದ ಸೌಟು ಹಿಡಿದು ಹಾಗೆಯೇ ನಿಂತು, "ಕೈ ತೆಗಿಯೋ," ಎಂದ. ನನಗೆ ಹೊಟ್ಟೆತುಂಬ ಹಸಿವಿತ್ತು, ಕಣ್ಣು ಮಂಜಾಗಿತ್ತು. ಕೈ ತೆಗೆಯಬೇಕೆಂದುಕೊಂಡೆ. ಎಲೆಯ ಮೇಲಿನಿಂದ ಅವು ಏಳಲಿಲ್ಲ.